ನೀಲಗುಂದದಿಂದ ರಾಜಾಂಗಣಕ್ಕೆ: ವಿಜಯನಗರದ ಅರಮನೆಯ ನೆಲೆಯನ್ನು ನಡೆದು ನೋಡುವ ಬಗೆ

ಹರಪನಹಳ್ಳಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸೀಮೆಯ ಜನರಿಗೆ ಹಂಪೆಯೆಂದರೆ ಬಹುಮಟ್ಟಿಗೆ ಪಂಪಾಪತಿಯ ದರ್ಶನ, ತುಂಗಭದ್ರೆಯ ಸ್ನಾನ, ಉಗ್ರನರಸಿಂಹ, ಸಾಸಿವೆಕಾಳು ಗಣಪ ಮತ್ತು ವಿಜಯವಿಟ್ಠಲನ ಗುಡಿಯ ಕಲ್ಲಿನ ತೇರು. ಇಷ್ಟನ್ನು ಮುಗಿಸಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು, ಹೊತ್ತು ಇಳಿಯುವ ವೇಳೆಗೆ ಕಮಲಾಪುರದ ದಾರಿ ಹಿಡಿದ ವಾಹನವು ಆನೆಲಾಯದ ಮುಂದೆ ಕಾಲುಗಂಟೆ ನಿಂತು ಮುಂದುವರಿದರೆ ಅರಸರ ಪಟ್ಟಣವನ್ನೂ ನೋಡಿದಂತಾಯಿತೆಂದು ಎಣಿಸಿ ಊರಿಗೆ ಮರಳುವುದು ರೂಢಿ. ದೇವರ ದರ್ಶನಕ್ಕೆ ಹೋದವರನ್ನು ಇದಕ್ಕಾಗಿ ಆಕ್ಷೇಪಿಸಲಾಗದು. ಆದರೆ ಇನ್ನೂರು ವರ್ಷಗಳಿಗೂ ಮಿಕ್ಕಿ ದಕ್ಷಿಣಾಪಥವನ್ನು ಆಳಿದ ಸಾಮ್ರಾಜ್ಯವೊಂದು ತನ್ನ ಸಭೆ, ಸೇನೆ, ಉತ್ಸವ, ಅಂತಃಪುರಗಳಿಗಾಗಿ ಕಟ್ಟಿಕೊಂಡ ನೆಲೆಯನ್ನು ಕಾಲುಗಂಟೆಯಲ್ಲಿ ಕಾಣುವುದು ಅಶಕ್ಯ. ಅದು ವಾಹನದಿಂದ ಇಳಿದು, ಗೋಡೆಯನ್ನು ಬಳಸಿ, ಕಾಲುವೆಯ ಜಾಡು ಹಿಡಿದು, ಪಾದಗಳಿಂದಲೇ ತಿಳಿಯತಕ್ಕ ಸ್ಥಳ. ಅದಕ್ಕಾಗಿ ಬೆಳಗಿನಿಂದ ಮಧ್ಯಾಹ್ನದವರೆಗಿನ ಅವಧಿಯನ್ನು ಮೀಸಲಿಡಲು ಒಪ್ಪುವ ಓದುಗರಿಗೆ ದಾರಿ ತೋರುವುದು ಈ ಲೇಖನದ ಉದ್ದೇಶ. 2021ರಲ್ಲಿ ವಿಜಯನಗರ ಜಿಲ್ಲೆ ರಚಿತವಾದ ಮೇಲೆ ಹಂಪೆಯೂ ನಮ್ಮ ಈ ತಾಲ್ಲೂಕುಗಳೂ ಒಂದೇ ಜಿಲ್ಲೆಗೆ ಸೇರಿವೆಯಾದುದರಿಂದ, ಈ ನಡಿಗೆಯನ್ನು ಪರಸ್ಥಳದ ಯಾತ್ರೆಯೆಂದು ಭಾವಿಸಬೇಕಾದ ಕಾರಣವೂ ಇಲ್ಲ.

ನನ್ನ ಮೊದಲ ಸೂಚನೆ ಕೆಲವರಿಗೆ ವಿಚಿತ್ರವೆನಿಸಬಹುದು: ಹಂಪೆಗೆ ಹೊರಡುವ ಮೊದಲು, ಒಂದೆರಡು ದಿನ ಮುಂಚಿತವಾಗಿಯೇ, ನೀಲಗುಂದದ ಭೀಮೇಶ್ವರ ದೇವಾಲಯವನ್ನು ನೋಡಿ ಬರತಕ್ಕದ್ದು. ಅದು ಕಲ್ಯಾಣದ ಚಾಲುಕ್ಯರ ಕಾಲದ ಗುಡಿ. ಆ ವಂಶದ ಅತ್ಯಂತ ಪ್ರಸಿದ್ಧ ದೊರೆಯಾಗಿ 1076ರಿಂದ 1126ರವರೆಗೆ ಆಳಿ ತನ್ನ ಹೆಸರಿನಲ್ಲಿ ಶಕೆಯನ್ನೇ ನಡೆಸಿದ ಆರನೆಯ ವಿಕ್ರಮಾದಿತ್ಯನ ತಾಮ್ರಶಾಸನ ದೊರೆತುದೂ ಈ ಊರಿನಲ್ಲಿಯೇ. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ ಅಲೆಕ್ಸಾಂಡರ್ ರೀ ಎಂಬ ಪ್ರಾಕ್ತನ ಶಾಸ್ತ್ರಜ್ಞನು ನೀಲಗುಂದ, ಬಾಗಳಿ, ಕುರುವತ್ತಿ, ಹೂವಿನ ಹಡಗಲಿ, ಹಿರೇಹಡಗಲಿ, ಮಾಗಳಗಳ ಗುಡಿಗಳನ್ನು ಅಳೆದು ಚಿತ್ರಿಸಿ, ಚಾಲುಕ್ಯ ವಾಸ್ತುವನ್ನು ಕುರಿತ ಗ್ರಂಥವನ್ನು 1896ರಲ್ಲಿ ಹೊರತಂದನು. ಆ ಗ್ರಂಥದ ಚಿತ್ರಫಲಕಗಳನ್ನು ನೋಡಿ ದೂರದ ವಿದ್ವಾಂಸರು ಬೆರಗಾದರು. ಗುಡಿಯ ನೆರಳಿನಲ್ಲಿಯೇ ದನ ಮೇಯಿಸಿ ಬೆಳೆದ ನಾವು ಮಾತ್ರ ಅದನ್ನು ಊರ ಹಳೆಯ ಗುಡಿಯೆಂದಷ್ಟೇ ತಿಳಿದು ಸುಮ್ಮನಿದ್ದೇವೆ.

ಅಲ್ಲಿ ನೋಡಬೇಕಾದುದು ಮೂರ್ತಿಗಳಿಗಿಂತ ಮೊದಲಾಗಿ ಕಲ್ಲು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಮರಳುಗಲ್ಲಿನಲ್ಲಿ ಕಟ್ಟುತ್ತಿದ್ದ ನಾಡಿನ ಶಿಲ್ಪಿಗಳು ಹತ್ತನೆಯ ಶತಮಾನದ ಕೊನೆಯಿಂದೀಚೆಗೆ ಹಸಿರು ಬೆರೆತ ಕಪ್ಪು ಛಾಯೆಯ ಬಳಪದ ಕಲ್ಲಿಗೆ ಕೈಯಿಟ್ಟರು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದಂತೆಲ್ಲ ಗಡುಸಾಗುವ ಈ ಶಿಲೆಯ ಗುಣವನ್ನು ಅರಿತುಕೊಂಡೇ ಅವರು ಕಂಬಗಳನ್ನು ಚರಕಿಯಲ್ಲಿ ತಿರುಗಿಸಿ ಕಡೆದರು, ಬಾಗಿಲುವಾಡದ ಶಾಖೆಗಳಲ್ಲಿ ಬಳ್ಳಿಯೊಳಗೆ ಬಳ್ಳಿಯನ್ನು ಹೆಣೆದರು, ಭಿತ್ತಿಯ ಮೇಲೆ ಗೋಪುರಗಳ ಪುಟ್ಟ ಪ್ರತಿಕೃತಿಗಳನ್ನು ಬೆರಳುದ್ದದ ಕೊರೆತಗಳಿಂದ ಎಬ್ಬಿಸಿ ನಿಲ್ಲಿಸಿದರು. ಕಂಬದ ಬಳಿಗೆ ಹೋಗಿ ಅದರ ಕೊರಳಿನ ಸುತ್ತಲೂ ಸಮಾನಾಂತರವಾಗಿ ಹರಿದಿರುವ ಗೆರೆಗಳನ್ನು ನೋಡಿ. ಕೈಚಳಕವೊಂದರಿಂದಲೇ ಅಷ್ಟು ನಿಷ್ಕೃಷ್ಟವಾದ ವರ್ತುಲ ಮೂಡಲಾರದೆಂಬುದು ಒಡನೆಯೇ ತಿಳಿಯುತ್ತದೆ. ಈ ಒಂದು ಪರಿಚಯವನ್ನು ಕಣ್ಣಿಗೆ ಮಾಡಿಸಿಕೊಂಡು ಹೋದವನಿಗೆ ಹಂಪೆಯ ಕಣಶಿಲೆಯ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಕರಿಯ ಕಲ್ಲು ಎದುರಾದಾಗ ಅದು ಎಲ್ಲಿಯ ಕುಲದ್ದೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಸಮಯವಿದ್ದವರು ಹರಪನಹಳ್ಳಿಗೆ ಸಮೀಪದ ಬಾಗಳಿಯ ಕಲ್ಲೇಶ್ವರನನ್ನೂ ಕಾಣಬೇಕು. ರಾಷ್ಟ್ರಕೂಟರ ಕಾಲದಲ್ಲಿ ಮೊದಲಾಗಿ ಚಾಲುಕ್ಯರ ಕಾಲದಲ್ಲಿ ಬೆಳೆದ ಆ ಗುಡಿಯ ನಿರ್ಮಾಣವನ್ನು 987ರ ಶಾಸನವು ದುಗ್ಗಿಮಯ್ಯನೆಂಬುವನಿಗೆ ಸಲ್ಲಿಸುತ್ತದೆ. ಅಲ್ಲಿಯ ವಿಶಾಲವಾದ ಮುಖಮಂಟಪದ ಸುಮಾರು ಐವತ್ತು ಕಂಬಗಳಲ್ಲಿ ಕಾಣುವ ವೈವಿಧ್ಯವನ್ನು ಗಮನಿಸುತ್ತ ಅರ್ಧ ದಿನವನ್ನು ಕಳೆಯಬಹುದು. ಹಡಗಲಿಯ ಕಡೆಯವರಾದರೆ ಕುರುವತ್ತಿಯ ಮಲ್ಲಿಕಾರ್ಜುನನ ಗುಡಿ ಹತ್ತಿರ. 1068ರ ಮಾರ್ಚಿನಲ್ಲಿ ಅಸಾಧ್ಯವಾದ ಜ್ವರದಿಂದ ಪೀಡಿತನಾಗಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ತುಂಗಭದ್ರೆಯಲ್ಲಿ ಇಳಿದು ಪ್ರಾಣ ಬಿಟ್ಟ ಆ ತೀರದಲ್ಲಿ, ಗುಡಿಯ ಬಾಗಿಲ ಬಳಿಯ ಮದನಿಕೆಯರ ಮೈಯ ಬಳುಕು ಬಳಪದ ಕಲ್ಲು ಮುಟ್ಟಬಹುದಾದ ಪರಾಕಾಷ್ಠೆಯನ್ನು ತೋರುತ್ತದೆ. ಆದರೆ ಈ ಎಲ್ಲವನ್ನೂ ನೋಡಿಯೇ ಹಂಪೆಗೆ ಹೋಗಬೇಕೆಂಬ ಕಟ್ಟುಪಾಡೇನೂ ಇಲ್ಲ; ಒಂದು ಗುಡಿಯನ್ನು ಚೆನ್ನಾಗಿ ನೋಡಿದರೆ ಸಾಕು.

ಇನ್ನು ಪ್ರಯಾಣದ ಮಾತು. ಹರಪನಹಳ್ಳಿಯಿಂದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿಗಳ ಮೇಲೆ ಹೊಸಪೇಟೆಗೆ ಬಸ್ಸಿನ ದಾರಿಯುಂಟು. ಹರಿಹರದಿಂದ ಹೊಸಪೇಟೆಗೆ ಹೋಗುವ ರೈಲುಮಾರ್ಗವೂ ಇವೇ ಊರುಗಳನ್ನು ಹಾಯ್ದು ಹೋಗುತ್ತದೆ. ಹೊಸಪೇಟೆಯಿಂದ ಸುಮಾರು 12 ಕಿಲೋಮೀಟರು ದೂರದ ಕಮಲಾಪುರದಲ್ಲಿ ಇಳಿಯುವುದು ಲೇಸು; ವಿರೂಪಾಕ್ಷನ ರಥಬೀದಿಯವರೆಗೆ ಹೋಗಿ ಅಲ್ಲಿಂದ ಹಿಂದಕ್ಕೆ ಬಂದರೆ ಬೆಳಗಿನ ತಂಪು ದಾರಿಯಲ್ಲಿಯೇ ಕಳೆದುಹೋಗುತ್ತದೆ. ಕಾರ್ತಿಕದಿಂದ ಮಾಘದವರೆಗಿನ ತಿಂಗಳುಗಳು ನಡಿಗೆಗೆ ಪ್ರಶಸ್ತ. ಚೈತ್ರ ವೈಶಾಖಗಳಲ್ಲಿ ಆ ಬಂಡೆಗಳು ಬೆಳಗಿನ ಹತ್ತು ಗಂಟೆಗೇ ಕಾದು, ಸಂಜೆಯಾದರೂ ಝಳವನ್ನು ಬಿಡುವುದಿಲ್ಲ. ಅನಿವಾರ್ಯವಾಗಿ ಆಗಲೇ ಹೋಗುವವರು ಸೂರ್ಯೋದಯಕ್ಕೆ ತೊಡಗಿ ಹನ್ನೊಂದಕ್ಕೆ ಮುಗಿಸುವಂತೆ ಏರ್ಪಾಡು ಮಾಡಿಕೊಳ್ಳಬೇಕು. ರಾಜಾಂಗಣದ ಬಹುಭಾಗ ಬಟ್ಟಬಯಲು, ಮರಗಳು ವಿರಳ. ತಲೆಗೆ ರುಮಾಲೋ ಟೋಪಿಯೋ, ಕಾಲಿಗೆ ಗಟ್ಟಿ ಅಟ್ಟೆಯ ಮೆಟ್ಟು, ಕೈಯಲ್ಲಿ ನೀರಿನ ಬಾಟಲಿ ಇವು ಮೂರೂ ಅವಶ್ಯ. ಮೊಣಕಾಲಿನ ನೋವುಳ್ಳ ಹಿರಿಯರು ಮಹಾನವಮಿ ದಿಬ್ಬವನ್ನು ಹತ್ತದೆ ಕೆಳಗಿನಿಂದಲೇ ನೋಡಬಹುದು. ನೋಡತಕ್ಕ ಶಿಲ್ಪವೆಲ್ಲ ಅದರ ಪಕ್ಕಗಳಲ್ಲಿಯೇ ಇದೆ.

ಕಮಲಾಪುರದಲ್ಲಿ ಇಳಿದೊಡನೆ ನೇರವಾಗಿ ಅವಶೇಷಗಳ ಕಡೆಗೆ ಧಾವಿಸದೆ, ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯದಲ್ಲಿ ಹಂಪೆಯ ಬೆಟ್ಟ, ಹೊಳೆ, ಗುಡಿ, ಕೋಟೆಗಳನ್ನೆಲ್ಲ ಕಿರಿದಾಗಿ ರೂಪಿಸಿ ಇಟ್ಟಿರುವ ಮಾದರಿಯ ಸುತ್ತ ಒಂದು ಪ್ರದಕ್ಷಿಣೆ ಬನ್ನಿ. ಅದರಿಂದ ಒಂದು ಮುಖ್ಯವಾದ ಸಂಗತಿ ಸ್ಪಷ್ಟವಾಗುತ್ತದೆ. ಹೊಳೆಯ ದಡದಲ್ಲಿ ದೇವಾಲಯಗಳ ಕ್ಷೇತ್ರ. ಅದರ ದಕ್ಷಿಣಕ್ಕೆ ಕಾಲುವೆಗಳ ನೀರುಂಡು ಇಂದಿಗೂ ಬಾಳೆ, ಕಬ್ಬು, ಭತ್ತ ಬೆಳೆಯುವ ಕಣಿವೆ. ಆ ಕಣಿವೆಯ ಆಚೆಗೆ ಗೋಡೆಯೊಳಗೆ ಜನವಸತಿಯ ಪಟ್ಟಣ. ಆ ಪಟ್ಟಣದ ನೈಋತ್ಯ ಭಾಗದಲ್ಲಿ, ಮತ್ತೆ ಗೋಡೆಗಳಿಂದ ಆವೃತವಾಗಿ, ಅರಸನ ನೆಲೆ. ದೇವರಿಗೂ ದೊರೆಗೂ ನಡುವೆ ಗದ್ದೆ ತೋಟಗಳನ್ನು ಇರಿಸಿದ ಈ ವಿನ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ನಡೆದವನಿಗೆ ಹಂಪೆಯು ಬಂಡೆಗಳ ನಡುವೆ ಚೆದುರಿಬಿದ್ದ ಕಟ್ಟಡಗಳ ಮೊತ್ತವಾಗಿ ಮಾತ್ರ ಕಾಣುತ್ತದೆ. 1443ರಲ್ಲಿ ಹೇರಾತಿನ ಶಾಹರುಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಒಂದರೊಳಗೊಂದಾಗಿ ಏಳು ಕೋಟೆಗಳನ್ನು ದಾಟಿ ಅರಮನೆಯನ್ನು ಸೇರಬೇಕೆಂದು ಬರೆದುದು ಇದೇ ವಿನ್ಯಾಸದ ಅನುಭವದಿಂದ.

ನಡಿಗೆಯನ್ನು ರಾಣಿಯ ಸ್ನಾನಗೃಹದಿಂದ ಆರಂಭಿಸುವುದು ಅನುಕೂಲ. ಕಮಲಾಪುರದ ಕಡೆಯಿಂದ ಬರುವವರಿಗೆ ಮೊದಲು ಸಿಗುವ ದೊಡ್ಡ ಕಟ್ಟಡ ಅದು. ಹೊರಗಿನಿಂದ ಯಾವ ಆಡಂಬರವೂ ಇಲ್ಲದ ಚೌಕ ಗೋಡೆ, ಸುತ್ತಲೂ ನೀರು ಹರಿಯಲು ಅಗಳು. ಒಳಗೆ ಕಾಲಿಟ್ಟರೆ ಕೊಳದ ಮೇಲೆ ಚಾಚಿದ ಗವಾಕ್ಷಗಳು, ಕಮಾನುಗಳ ಸಾಲು, ಪಡಸಾಲೆಯ ಛಾವಣಿಯಲ್ಲಿ ಗಾರೆಯಿಂದ ಮೂಡಿಸಿದ ಬಗೆಬಗೆಯ ಪುಷ್ಪವಿನ್ಯಾಸ. ರಾಣಿಯ ಹೆಸರು ಇದಕ್ಕೆ ಹೇಗೆ ಅಂಟಿಕೊಂಡಿತೋ ಏನೋ, ಅಂತಃಪುರದಿಂದ ಇಷ್ಟು ದೂರದಲ್ಲಿ, ಹಾದಿಯ ಮಗ್ಗುಲಲ್ಲಿ ರಾಣಿವಾಸದವರು ಜಲಕ್ರೀಡೆಗೆ ಬರುತ್ತಿದ್ದರೆಂಬುದು ನನಗಂತೂ ನಂಬಿಕೆಯ ಮಾತಾಗಿ ತೋರುವುದಿಲ್ಲ. ರಾಜಾಂಗಣದಲ್ಲಿ ನಾವು ಕೇಳುವ ಹೆಸರುಗಳಲ್ಲಿ ಹೆಚ್ಚಿನವು ಪಟ್ಟಣ ಹಾಳಾದ ಎಷ್ಟೋ ಕಾಲದ ಮೇಲೆ, ನೋಡಿದವರ ಊಹೆಯಿಂದ ಹುಟ್ಟಿದವು. ಮಾರ್ಗದರ್ಶಿ ಹೇಳುವ ಕಥೆಯನ್ನು ಸವಿಯಿರಿ, ಆದರೆ ಹೆಸರಿನಿಂದ ಕಟ್ಟಡದ ಉಪಯೋಗವನ್ನು ನಿರ್ಣಯಿಸಬೇಡಿ.

ಅಲ್ಲಿಂದ ಪಶ್ಚಿಮೋತ್ತರವಾಗಿ ನಡೆದು ಮಹಾನವಮಿ ದಿಬ್ಬದ ಪ್ರಾಕಾರವನ್ನು ಹೊಕ್ಕರೆ ಮೊದಲು ಕಣ್ಸೆಳೆಯುವುದು ಎತ್ತರದ ದಿಬ್ಬವಾದರೂ, ಮೊದಲು ನೋಡತಕ್ಕುದು ನೆಲದೊಳಗಿನ ಮೆಟ್ಟಿಲು ಪುಷ್ಕರಣಿ. ಸುಮಾರು 22 ಮೀಟರು ಚೌಕವಾಗಿ, ಐದು ಅಂತಸ್ತುಗಳಲ್ಲಿ ಆಳಕ್ಕೆ ಇಳಿಯುವ ಈ ಕೊಳವು ನಮ್ಮ ತಾತಂದಿರ ಕಾಲದ ಯಾತ್ರಿಕರಿಗೆ ಕಾಣುವಂತಿರಲಿಲ್ಲ. 1980ರ ದಶಕದ ಉತ್ಖನನದಲ್ಲಿ ಮಣ್ಣು ಸರಿದು ಹೊರಬಂದಿತು. ಇಲ್ಲಿಯೇ ನೀಲಗುಂದದ ಪಾಠ ಫಲಿಸುವುದು. ಸುತ್ತಲಿನ ದಿಬ್ಬ, ಗೋಡೆ, ಕಾಲುವೆಗಳು ಬಹುಮಟ್ಟಿಗೆ ಬೂದು ಕೆಂಪಿನ ಕಣಶಿಲೆಯಾಗಿರುವಲ್ಲಿ ಈ ಕೊಳವು ನುಣುಪಾದ ಕರಿಯ ಕಲ್ಲಿನಿಂದ ಕಟ್ಟಲ್ಪಟ್ಟಿದೆ. ಪ್ರತಿಯೊಂದು ಪಾವಟಿಗೆಯ ಗುಂಪು ಮೇಲಿಂದ ಕೆಳಕ್ಕೆ ಕಿರಿದಾಗುತ್ತ, ನೆರಳು ಬೆಳಕುಗಳ ತ್ರಿಕೋಣಗಳನ್ನು ರಚಿಸುತ್ತ ಇಳಿಯುವ ಕ್ರಮವು ಲಕ್ಕುಂಡಿಯ ಬಾವಿಗಳನ್ನು ಕಂಡವರಿಗೆ ಹೊಸದಲ್ಲ. ಹತ್ತಿರ ಹೋಗಿ ಕಲ್ಲುಗಳನ್ನು ಪರೀಕ್ಷಿಸಿ. ಅವುಗಳ ಮೇಲೆ ದಿಕ್ಕು, ಸಾಲು, ಸ್ಥಾನಗಳನ್ನು ಸೂಚಿಸುವ ಅಕ್ಷರ ಅಂಕೆಗಳ ಗುರುತುಗಳಿವೆ. ಕಲ್ಲುಗಳನ್ನು ಬೇರೆಡೆ ಅಳತೆಗೆ ಸರಿಯಾಗಿ ಕಡೆದು, ಗುರುತು ಹಾಕಿ, ಇಲ್ಲಿಗೆ ತಂದು ಜೋಡಿಸಿದರೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಬೇರೊಂದು ಹಳೆಯ ಸ್ಥಳದಲ್ಲಿದ್ದ ಚಾಲುಕ್ಯ ರೀತಿಯ ಕೊಳವನ್ನೇ ಬಿಚ್ಚಿ ತಂದಿರಬೇಕೆಂದು ಊಹಿಸಿದ ವಿದ್ವಾಂಸರೂ ಉಂಟು. ಯಾವುದೇ ಆಗಲಿ, ಕಣಶಿಲೆಯ ಸಾಮ್ರಾಟರಿಗೆ ಸೊಗಸೆಂಬುದು ಬೇಕಾದಾಗ ಬಳಪದ ಕಲ್ಲಿನ ಪರಂಪರೆಯ ಕಡೆಗೆ ಅವರ ಕೈ ಚಾಚುತ್ತಿತ್ತೆಂಬುದು ನಿಶ್ಚಯ. ಕೊಳಕ್ಕೆ ನೀರು ತರುತ್ತಿದ್ದ ಕಲ್ಲಿನ ದೋಣಿಗಾಲುವೆಯು ಕಂಬಗಳ ಮೇಲೆ ನಿಂತು ಇಂದಿಗೂ ಉಳಿದಿದೆ. ಅದರ ಜಾಡನ್ನು ಕಣ್ಣಿನಿಂದ ಹಿಂಬಾಲಿಸಿ. ಕೊಳದೊಳಕ್ಕೆ ಇಳಿಯುವುದಕ್ಕೆ ಅನುಮತಿಯಿಲ್ಲ, ಇಳಿಯುವ ಅವಶ್ಯಕತೆಯೂ ಇಲ್ಲ. ಮೇಲಿನಿಂದಲೇ ಅದರ ರೇಖಾವಿನ್ಯಾಸ ಚೆನ್ನಾಗಿ ತೋರುತ್ತದೆ.

ಇನ್ನು ದಿಬ್ಬ. ಒಂದರ ಮೇಲೊಂದು ಕುಗ್ಗುತ್ತ ಏರುವ ಮೂರು ಹಂತಗಳಾಗಿ ಸುಮಾರು 8 ಮೀಟರು ಎತ್ತರಕ್ಕೆ ನಿಂತಿರುವ ಈ ಜಗಲಿಯ ಮೇಲೆ ಒಂದು ಕಾಲಕ್ಕೆ ಮರದ ಮಂಟಪವಿದ್ದಿತು, ಈಗ ಬಯಲು. 1520ರ ಸುಮಾರಿನಲ್ಲಿ ಕೃಷ್ಣದೇವರಾಯನ ಆಸ್ಥಾನವನ್ನು ಕಂಡ ಪೋರ್ತುಗೀಸ ಡೊಮಿಂಗೋ ಪಾಯಸನು ಒಂಬತ್ತು ದಿನಗಳ ಮಹಾನವಮಿಯನ್ನು ವರ್ಣಿಸುವಾಗ ಕುಸ್ತಿ, ನರ್ತನ, ಬಾಣಬಿರುಸು, ಅಲಂಕೃತವಾದ ಆನೆ ಕುದುರೆಗಳ ಮೆರವಣಿಗೆ ಇವೆಲ್ಲವನ್ನೂ ಹೇಳಿದ್ದಾನೆ. ಕುದುರೆಯ ವ್ಯಾಪಾರಕ್ಕಾಗಿ ಬಂದಿದ್ದ ನೂನಿಜನು ಅದೇ ಹಬ್ಬದ ಸಮಯದಲ್ಲಿ ನಾಯಕರು ತಮ್ಮ ತಮ್ಮ ಸೀಮೆಗಳಿಂದ ಅರಸನಿಗೆ ಸಲ್ಲಬೇಕಾದ ಹಣವನ್ನು ತಂದೊಪ್ಪಿಸುತ್ತಿದ್ದರೆಂಬುದನ್ನು ತಿಳಿಸುತ್ತಾನೆ. ಭಕ್ತಿ, ವೈಭವ, ಕಂದಾಯ ಈ ಮೂರನ್ನೂ ಒಂದೇ ಜಗಲಿಯ ಮುಂದೆ ನಡೆಸಿಕೊಂಡ ಜಾಣತನವನ್ನು ನೆನೆದು ನಕ್ಕರೆ ತಪ್ಪಿಲ್ಲ.

ದಿಬ್ಬವನ್ನು ಹತ್ತುವ ಮೊದಲು ಪ್ರದಕ್ಷಿಣವಾಗಿ ಒಂದು ಸುತ್ತು ಬನ್ನಿ. ಕಣಶಿಲೆಯ ಪಟ್ಟಿಕೆಗಳಲ್ಲಿ ಸಾಲಾಗಿ ಆನೆಗಳು, ಒಂಟೆಗಳು, ಕುದುರೆಯನ್ನು ಹಿಡಿದು ತರುವ ಪರದೇಶದ ವ್ಯಾಪಾರಿಗಳು, ಬೇಟೆಯ ನಾಯಿಗಳು, ಜಿಂಕೆಯನ್ನು ಅಟ್ಟುವ ಬೇಡರು, ಕುಸ್ತಿಯ ಜಟ್ಟಿಗಳು, ಕೋಲಾಟದ ಹೆಂಗಸರು, ಚೂಪು ಟೊಪ್ಪಿಗೆ ತೊಟ್ಟು ಕುಣಿಯುವ ತುರುಕ ನರ್ತಕರು, ಕಪ್ಪ ತಂದವರಿಗೆ ದರ್ಶನವೀಯುತ್ತಿರುವ ಅರಸು. ಇವುಗಳ ಕಂಡರಣೆ ಒರಟು. ನಮ್ಮ ಗುಡಿಗಳ ಮದನಿಕೆಯರನ್ನು ಕಂಡ ಕಣ್ಣಿಗೆ ಇದು ಬಾಲಿಶವೆಂದೇ ತೋರೀತು. ಆದರೆ ಕಣಶಿಲೆ ಮೆದುವಾದ ಬಳಪದ ಕಲ್ಲಲ್ಲ. ಉಳಿಯ ಪ್ರತಿಯೊಂದು ಏಟಿಗೂ ಅದು ಎದುರು ನಿಲ್ಲುತ್ತದೆ. ಆ ಗಡಸಿನ ಮೇಲೆ ಸೂಕ್ಷ್ಮವನ್ನು ಬಯಸದೆ ಚಲನೆಯನ್ನು ಹಿಡಿದುದರಲ್ಲಿ ಶಿಲ್ಪಿಯ ವಿವೇಕವಿದೆ. ಪಶ್ಚಿಮದ ಪಕ್ಕಕ್ಕೆ ಬಂದಾಗ ಮತ್ತೆ ಕರಿಯ ಹಸಿರಿನ ಕಲ್ಲು ಎದುರಾಗುತ್ತದೆ: ಅನಂತರದ ಕಾಲದಲ್ಲಿ ಹಳೆಯ ಮುಖದ ಮೇಲೆ ಈ ಹೊಸ ಕಲ್ಲಿನ ಹೊದಿಕೆಯನ್ನು ಹೊದಿಸಿದರು, ಕೆತ್ತನೆ ಒಮ್ಮೆಲೇ ಸೂಕ್ಷ್ಮವಾಯಿತು. ಎರಡು ಕಲ್ಲುಗಳು ಕೂಡುವೆಡೆಯಲ್ಲಿ ನಿಂತು ಎರಡನ್ನೂ ಒಟ್ಟಿಗೆ ನೋಡುವುದು ಈ ನಡಿಗೆಯ ಮುಖ್ಯ ಲಾಭಗಳಲ್ಲಿ ಒಂದು. ಮಕ್ಕಳನ್ನು ಕರೆದೊಯ್ದವರು ಈ ವ್ಯತ್ಯಾಸವನ್ನು ಅವರಿಂದಲೇ ಕಂಡುಹಿಡಿಸಿದರೆ ಇನ್ನೂ ಚೆನ್ನ.

ಪ್ರಾಕಾರದ ಉಳಿದ ಭಾಗದಲ್ಲಿ ಹೆಚ್ಚು ತಡೆಯಬೇಕಾಗಿಲ್ಲ. ಹತ್ತು ಹತ್ತರ ಸಾಲಿನಲ್ಲಿ ನೂರು ಕಂಬಗಳ ಪೀಠಗಳು ಮಾತ್ರ ಉಳಿದಿರುವ ಸಭಾಮಂಟಪ, ಬಳಪದ ಕಲ್ಲಿನ ಚಪ್ಪಡಿಗಳಿಂದ ನೆಲದಡಿಯಲ್ಲಿ ಕಟ್ಟಿದ ಕತ್ತಲೆಯ ಕೋಣೆ, ಮರದ ಕದವನ್ನೇ ಅನುಕರಿಸಿ ಒಂದೇ ಬಂಡೆಯಲ್ಲಿ ಕಡೆದು ಈಗ ನೆಲದ ಮೇಲೆ ಮಲಗಿರುವ ಕಲ್ಲಿನ ಬಾಗಿಲು ಇವುಗಳನ್ನು ನೋಡಿ ಮುಂದುವರಿಯಬಹುದು. ಎಲ್ಲಿ ನೋಡಿದರೂ ಅಧಿಷ್ಠಾನಗಳೇ ಕಾಣುವುದೇಕೆ, ಅರಮನೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸರಳ: ಅರಸರು ದೇವರಿಗೆ ಕಲ್ಲಿನಲ್ಲಿ ಕಟ್ಟಿ ತಮಗೆ ಮರದಲ್ಲಿ ಕಟ್ಟಿಕೊಂಡರು. ಗೋಡೆ ಕಂಬಗಳೆಲ್ಲ ದಂತದಿಂದ ಆವೃತವಾದ ಕೋಣೆಯೊಂದನ್ನು ಪಾಯಸನು ಕಂಡನಂತೆ. 1565ರ ರಕ್ಕಸ ತಂಗಡಿಯ ಯುದ್ಧಾನಂತರ ಬೆಂಕಿಗೆ ಆಹುತಿಯಾದುದು ಅದೆಲ್ಲವೂ. ಕಲ್ಲಿನ ಅಡಿಪಾಯಗಳು ಮಾತ್ರ ಸುಡಲಿಲ್ಲ.

ಹಜಾರರಾಮನ ಗುಡಿಗೆ ಬಂದಾಗ ನಡಿಗೆಯ ನಾಭಿಗೆ ಬಂದಂತೆ. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಎಂಬ ವಿದ್ವಾಂಸರು 1980ರಿಂದೀಚೆಗೆ ವರ್ಷವರ್ಷವೂ ಬಂದು ಈ ನೆಲವನ್ನು ಅಳೆದು ತೋರಿಸಿದ ಪ್ರಕಾರ, ರಾಜಾಂಗಣದ ರಸ್ತೆಗಳು ಈ ಗುಡಿಯ ಪರಿಸರದಲ್ಲಿ ಕೂಡುತ್ತವೆ, ಅದರ ಉತ್ತರಕ್ಕೆ ನೇರವಾಗಿ ಮತಂಗ ಪರ್ವತವಿದೆ, ಅದರ ಪೂರ್ವಕ್ಕೆ ಅರಸನು ಪ್ರಜೆಗಳಿಗೆ ಕಾಣಿಸಿಕೊಳ್ಳುತ್ತಿದ್ದ ಪ್ರಾಕಾರವೂ ಪಶ್ಚಿಮಕ್ಕೆ ಅವನ ವಾಸದ ಪ್ರಾಕಾರಗಳೂ ಇವೆ. ಗುಡಿಯು ಹದಿನೈದನೆಯ ಶತಮಾನದ ಆರಂಭದ್ದು, ಒಂದನೆಯ ದೇವರಾಯನ ಕಾಲದ್ದೆಂದು ಎಣಿಸಲಾಗಿದೆ. ಗಾತ್ರದಲ್ಲಿ ದೊಡ್ಡದಲ್ಲ, ರಾಜಪರಿವಾರದ ಗುಡಿಯಾದುದರಿಂದ ದೊಡ್ಡದಾಗಬೇಕಾಗಿಯೂ ಇರಲಿಲ್ಲ.

ಒಳಗೆ ಹೋಗುವ ಅವಸರ ಬೇಡ. ಮೊದಲು ಪ್ರಾಕಾರದ ಗೋಡೆಯ ಹೊರಮೈಯನ್ನು ನೋಡಿ. ಒಂದರ ಮೇಲೊಂದಾಗಿ ಐದು ಸಾಲುಗಳಲ್ಲಿ ಆನೆ, ಕುದುರೆ, ಕಾಲಾಳು, ನರ್ತಕಿಯರು, ಉತ್ಸವದ ಸಂಭ್ರಮ. ಮಹಾನವಮಿಯ ಮೆರವಣಿಗೆಯೇ ಇಲ್ಲಿ ಗೋಡೆಯನ್ನು ಸೇರಿದೆಯೆಂದರೆ ಅತಿಶಯೋಕ್ತಿಯಲ್ಲ. ಪಾಯಸನ ವರ್ಣನೆಗೂ ಈ ಸಾಲುಗಳಿಗೂ ಇರುವ ಸಾಮ್ಯ ಯಾರಿಗಾದರೂ ತೋರುತ್ತದೆ. ಆಮೇಲೆ ಒಳಗೆ ಬಂದು ಮುಖ್ಯ ಗುಡಿಯ ಹೊರಭಿತ್ತಿಯ ಮೇಲೆ ಮೂರು ಸಾಲುಗಳಲ್ಲಿ ಕಂಡರಿಸಿದ ರಾಮಾಯಣವನ್ನು, ಕೆಳಸಾಲಿನಿಂದ ತೊಡಗಿ, ಬಲಗೈ ಗುಡಿಯ ಕಡೆಗಿರುವಂತೆ ಪ್ರದಕ್ಷಿಣವಾಗಿ ಓದಬೇಕು. ದಶರಥನ ಪುತ್ರಕಾಮೇಷ್ಟಿ, ತಾಟಕಾವಧೆ, ಮಾಯಾಮೃಗ, ಒಂದೇ ಬಾಣ ಏಳು ತಾಳೆಗಳನ್ನು ಭೇದಿಸುವುದು, ರಾವಣನ ಸಭೆಯಲ್ಲಿ ಬಾಲವನ್ನೇ ಸುತ್ತಿ ಸಿಂಹಾಸನ ಮಾಡಿಕೊಂಡು ಕುಳಿತ ಹನುಮಂತ ಇವೆಲ್ಲ ಬಯಲಾಟ ನೋಡಿ ಬೆಳೆದ ನಮ್ಮ ಸೀಮೆಯವರಿಗೆ ಗುರುತು ಹತ್ತಲು ಕಷ್ಟವಿಲ್ಲ. ಬೇರೆಡೆಗಳಲ್ಲಿ ಗಂಟಲು ಹರಿದುಕೊಳ್ಳುವ ಮಾರ್ಗದರ್ಶಿಗಳು ಇಲ್ಲಿ ಎರಡು ಮೂರು ಚಿತ್ರಗಳನ್ನು ತೋರಿಸಿ ಮುಗಿಸುವುದುಂಟು. ಅವಸರಪಡಿಸಬಾರದೆಂದು ಮೊದಲೇ ತಿಳಿಸಿಡಿ. ಹಂಪೆಯು ರಾಮಾಯಣದ ಕಿಷ್ಕಿಂಧೆಯೆಂಬ ನಂಬಿಕೆ ಬೇರೂರಿದ ನೆಲದಲ್ಲಿ, ಮತಂಗ ಪರ್ವತಕ್ಕೆ ಎದುರಾಗಿ, ಅರಸನು ತನ್ನ ಅರಮನೆಯ ನಡುವೆ ರಾಮನ ಕಥೆಯನ್ನು ಬರೆಯಿಸಿದುದು ಕೇವಲ ಅಲಂಕಾರಕ್ಕಾಗಿರಲಾರದು.

ರಂಗಮಂಟಪದೊಳಕ್ಕೆ ಅಡಿಯಿಟ್ಟಾಗ ನಡುವೆ ನಾಲ್ಕು ಕಂಬಗಳು ನಿಮ್ಮನ್ನು ನಿಲ್ಲಿಸುತ್ತವೆ. ಕನ್ನಡಿಯಂತೆ ಮೆರುಗು ಕೊಟ್ಟ ಕರಿಯ ಕಲ್ಲು. ಪ್ರತಿಯೊಂದು ಮುಖದಲ್ಲಿಯೂ ವಿಷ್ಣುವಿನ ನಾನಾ ರೂಪಗಳು. ಅಂಚಿನಂಚಿನಲ್ಲಿ ಉಳಿಯ ಹತೋಟಿ. ಕಣಶಿಲೆಯ ಗುಡಿಯ ಗರ್ಭಕ್ಕೆ ಸಮೀಪವಾಗಿ ಈ ನಾಲ್ಕು ಕಂಬಗಳನ್ನು ನಿಲ್ಲಿಸಿದವರಿಗೆ ಬಾಗಳಿಯ, ನೀಲಗುಂದದ, ಕುರುವತ್ತಿಯ ಕೈಗಳ ನೆನಪಿದ್ದಿತೆಂದು ನಾನು ನಂಬುತ್ತೇನೆ. ಗರ್ಭಗೃಹದಲ್ಲಿ ಈಗ ಮೂರ್ತಿಗಳಿಲ್ಲ. ಕಂಬಗಳನ್ನು ಮುಟ್ಟಿ ಸವರುವ ಚಾಪಲ್ಯವನ್ನು ದಯವಿಟ್ಟು ತಡೆದುಕೊಳ್ಳಿ. ದಿನವೂ ನೂರಾರು ಕೈಗಳ ಬೆವರು ಜಿಡ್ಡುಗಳು ಮೆರುಗನ್ನು ಕುಂದಿಸುತ್ತವೆ.

ಗುಡಿಯ ಮುಂದಿನಿಂದ ಈಶಾನ್ಯಕ್ಕೆ ಹೋಗುವ ಬೀದಿಯೇ ಪಾನ್ ಸುಪಾರಿ ಬಜಾರು. ಅಲ್ಲಿ 1426ರಲ್ಲಿ ಎರಡನೆಯ ದೇವರಾಯನು ಕಟ್ಟಿಸಿದ ಪಾರ್ಶ್ವನಾಥ ಬಸದಿಯನ್ನು ತಪ್ಪದೆ ನೋಡಿ. ಜನಸಂದಣಿ ಇಲ್ಲದಿರುವುದರಿಂದ ನಿಶ್ಚಿಂತೆಯಾಗಿ ಕುಳಿತು ದಣಿವಾರಿಸಿಕೊಳ್ಳಲೂ ಅದು ಯೋಗ್ಯ. ಅಲ್ಲಿಂದ ಮುಂದೆ ಅಂತಃಪುರದ ಆವರಣವೆಂದು ಕರೆಯುವ ಎತ್ತರದ ಗೋಡೆಯ ಪ್ರಾಕಾರ. ಇದಕ್ಕೆ ಪ್ರವೇಶಧನವುಂಟು, ಅದೇ ಟಿಕೆಟ್ಟಿನಲ್ಲಿ ಅದೇ ದಿನ ವಿಟ್ಠಲನ ಗುಡಿಯನ್ನೂ ವಸ್ತುಸಂಗ್ರಹಾಲಯವನ್ನೂ ನೋಡಬಹುದಾದುದರಿಂದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಒಳಗಿನ ಕಮಲ ಮಹಲನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಿಕೆ ನ್ಯಾಯವೇ. ಕೆಳಗೆ ದೇವಾಲಯದ ಅಧಿಷ್ಠಾನದಂತೆ ಮೂಲೆಮೂಲೆಯಾಗಿ ಮುಂಚಾಚಿದ ತಳವಿನ್ಯಾಸ, ನಡುವೆ ಬಹಮನಿ ನಾಡಿನ ದಳದಳವಾದ ಕಮಾನುಗಳು, ಮೇಲೆ ದೇವಾಲಯದ ಶಿಖರಗಳನ್ನು ನೆನಪಿಸುವ ಒಂಬತ್ತು ಗೋಪುರಗಳು. ಇಷ್ಟು ಭಿನ್ನವಾದ ಮೂಲಗಳು ಒಂದಾಗಿಯೂ ಎಲ್ಲಿಯೂ ಹೊಲಿಗೆ ಕಾಣದಿರುವುದು ಇದರ ಗುಣ. ಇದೂ ರಾಣಿಯರದೇ ಮಹಲೆಂಬುದಕ್ಕೆ ಆಧಾರ ಸಾಲದು. ಹಳೆಯ ನಕಾಶೆಯಲ್ಲಿ ಇದನ್ನು ಮಂತ್ರಾಲೋಚನೆಯ ಸಭೆಯೆಂದು ಗುರುತಿಸಿದ್ದುಂಟು.

ಗೋಡೆಯ ಹೊರಗಣ ಆನೆಲಾಯದಲ್ಲಿ ಹನ್ನೊಂದು ಕೊಠಡಿಗಳು. ನಡುವಿನದನ್ನು ಬಿಟ್ಟು ಎರಡು ಕಡೆಗೂ ಗುಮ್ಮಟಗಳು ಒಂದಕ್ಕೊಂದು ಬೇರೆಯಾಗಿ, ಆದರೆ ಎಡಬಲಗಳಲ್ಲಿ ಪರಸ್ಪರ ಸರಿಹೊಂದುವಂತೆ ಬಂದಿವೆ. ಮುಂದಿನ ಬಯಲಿನ ತುದಿಗೆ ಹೋಗಿ ನಿಂತಾಗಲೇ ಈ ತಾಳ ತಿಳಿಯುವುದು. ಬಾಗಿಲಿನಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವವರಿಗೆ ಅದು ಸಿಗುವುದಿಲ್ಲ.

ಶಕ್ತಿ ಉಳಿದಿದ್ದರೆ ರಾಜಾಂಗಣದ ಪೂರ್ವಕ್ಕಿರುವ ಅಹಮದ್ ಖಾನನ ಮಸೀದಿಯವರೆಗೂ ಹೋಗಿ ಬರಬೇಕು. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಈ ಅಧಿಕಾರಿಯು 1439ರಲ್ಲಿ ತನ್ನ ದೊರೆಯ ಶ್ರೇಯಸ್ಸಿಗಾಗಿ ಕಟ್ಟಿಸಿದ ಇದನ್ನು ಅಲ್ಲಿಯ ಶಾಸನವು ಧರ್ಮಶಾಲೆಯೆಂದು ಹೇಳುತ್ತದೆ. ನೋಡುವುದಕ್ಕೂ ನಮ್ಮ ಊರುಗಳ ಕಲ್ಲಿನ ಮಂಟಪದಂತೆಯೇ ಇದೆ: ಸಾಲುಗಂಬಗಳು, ಬೋದಿಗೆಗಳು, ಚಪ್ಪಡಿಯ ಮಾಳಿಗೆ, ಹಿಂದಿನ ಗೋಡೆಯ ಗೂಡೊಂದು ಮಾತ್ರ ಪ್ರಾರ್ಥನೆಯ ದಿಕ್ಕನ್ನು ಸೂಚಿಸುತ್ತದೆ. ಅರಸರ ಆನೆಲಾಯಕ್ಕೆ ಗುಮ್ಮಟಗಳು, ಮುಸಲ್ಮಾನ ಅಧಿಕಾರಿಯ ಮಸೀದಿಗೆ ಮಂಟಪದ ಕಂಬಗಳು: ಈ ಎರಡನ್ನೂ ಒಂದೇ ಬೆಳಗಿನಲ್ಲಿ ಕಂಡವನು ವಿಜಯನಗರವನ್ನು ಕುರಿತ ಅನೇಕ ಒಣವಾದಗಳನ್ನು ಕೇಳುವ ಶ್ರಮದಿಂದ ಪಾರಾಗುತ್ತಾನೆ.

ಸರ್ಕಾರದ ಪರವಾನಗಿ ಪಡೆದ ಮಾರ್ಗದರ್ಶಿಗಳು ಸ್ಥಳದಲ್ಲಿ ದೊರೆಯುತ್ತಾರೆ. ಕನ್ನಡದಲ್ಲಿಯೇ ವಿವರಿಸಬೇಕೆಂದೂ, ರಾಜಾಂಗಣವನ್ನು ಮಾತ್ರ ನಡೆದು ನೋಡುವುದೆಂದೂ, ಸಂಭಾವನೆ ಇಷ್ಟೆಂದೂ ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಕ್ಷೇಮ. ಅಲ್ಲಲ್ಲಿ ಬಂಡೆಗಳ ಮೇಲೆ ಸಾಲಾಗಿ ತೋಡಿದ ಬೆಣೆಗುಳಿಗಳನ್ನು ತೋರಿಸುವಂತೆ ಕೇಳಿ. ಕಣಶಿಲೆಯನ್ನು ಸೀಳಿದ ಉಪಾಯ ಅದು, ಅನೇಕರು ತೋರಿಸದೆ ಹೋಗುತ್ತಾರೆ. ಇಷ್ಟೂ ನೋಡಲು ನಿಧಾನವಾಗಿ ನಡೆಯುವವರಿಗೆ ನಾಲ್ಕೈದು ಗಂಟೆಗಳು ಹಿಡಿಯುತ್ತವೆ. ಸರ್ಕಾರವು ನಡೆಸುವ ಹಂಪಿ ಉತ್ಸವದ ದಿನಗಳಲ್ಲಿ ಸಂಗೀತ, ದೀಪಾಲಂಕಾರಗಳನ್ನು ಬಯಸುವವರು ಹೋಗಲಿ. ಕಲ್ಲು ನೋಡಬೇಕೆಂಬವರು ಆ ದಿನಗಳನ್ನು ಬಿಡತಕ್ಕದ್ದು. ಶುಕ್ರವಾರ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ರಜೆಯಾದುದರಿಂದ, ಆ ವಾರವನ್ನೂ ತಪ್ಪಿಸಿ ದಿನವನ್ನು ಗೊತ್ತುಮಾಡಿಕೊಳ್ಳಿ.